ಓಪಿ ಸಾಲಲ್ಲಿ ಹದಿನಾಲ್ಕು ಹುಡುಗೀರು

ಮುತ್ತಂಗ

ನನ್ನ ಮೊದಲ ಹೊರನಾಡಿನ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬೇಕಾಗ್ಲಿಲ್ಲ, ವಾಂತಿ ಮಾತ್ರೆ ಸಾಕಾಯ್ತು. ನಂಜನಗೂಡಲ್ಲಿ ಬಸ್ ಹತ್ತಿದ್ದು. ಬಂಡೀಪುರ ಕಾಡಲ್ಲಿ ಒಂದು ಆನೆ ಬೆನ್ನು ಕಾಣಿಸ್ತು. ಬರೀ ಬೆನ್ನು, ಅದೂ ಕಂಡಕ್ಟರ್ ಬೆರಳು ಮಾಡಿ ತೋರಿಸಿದ್ಮೇಲೆ. ಆಮೇಲೆ ಮುತ್ತಂಗ ಚೆಕ್‌ಪೋಸ್ಟ್, ಕೇರಳದ ಬಾಗಿಲು. ಗುಂಡ್ಲುಪೇಟೆಯಿಂದ ಕನ್ನಡದಲ್ಲಿ ಜಗಳ ಆಡ್ತಾ ಬಂದಿದ್ದ ಇಬ್ಬರು ತರಕಾರಿ ವ್ಯಾಪಾರಿಗಳು ಚೆಕ್‌ಪೋಸ್ಟ್ ದಾಟಿದ ತಕ್ಷಣ ಅದೇ ಜಗಳವನ್ನ ಮಲಯಾಳದಲ್ಲಿ ಮುಂದುವರೆಸಿದ್ರು. ಅಲ್ಲಿಗೆ ನನಗೆ ಖಾತ್ರಿ ಆಯ್ತು, ದೇಶ ಬದಲಾಯ್ತು ಅಂತ.

ನಾನು ನಂಜನಗೂಡಲ್ಲಿ ಒಂದು ಜೆರಾಕ್ಸ್ ಅಂಗಡೀಲಿ ಡಿಟಿಪಿ ಮಾಡ್ತೀನಿ. ಟೈಪಿಂಗ್ ನಾನೇ ಕಲ್ತಿದ್ದು. ಮಲಯಾಳಾನೂ ನಾನೇ ಕಲ್ತಿದ್ದು, ಗಿರಾಕಿ ಇಲ್ದಾಗ ಮೊಬೈಲಲ್ಲಿ ಅಡುಗೆ ವಿಡಿಯೋ ನೋಡ್ತಾ. ಅದಕ್ಕೇ ನನ್ನ ಮಲಯಾಳದಲ್ಲಿ ಉಪ್ಪು, ಖಾರ, ತೆಂಗಿನೆಣ್ಣೆ ಎಲ್ಲಾ ಇದೆ, ಬೇರೆ ಏನೂ ಇಲ್ಲ. ಶಹನಾ ಅಂತ ಒಬ್ಬಳು ಮೈಸೂರಲ್ಲಿ ಎಂ.ಎ. ಓದ್ತಿದ್ದಾಗ, ರೇಟ್ ಕಮ್ಮಿ ಅಂತ ತನ್ನ ಥೀಸಿಸ್ ಟೈಪ್ ಮಾಡಿಸೋಕೆ ನಮ್ಮಂಗಡಿಗೆ ಬರ್ತಿದ್ಲು. ವಯನಾಡಿನ ವೆಳ್ಳಮುಂಡದವಳು. ಹಾಗೇ ಫ್ರೆಂಡ್ ಆದ್ಲು. ಈಗ ಅವಳು ಸಂಶೋಧನೆ ಮಾಡ್ತಿದಾಳೆ. ವಿಷಯ: ಯೂನಿವರ್ಸಿಟಿ ವಿದ್ಯಾರ್ಥಿಗಳು ಗರ್ಭಪಾತದ ಬಗ್ಗೆ ಏನ್ ಅನ್ಕೋತಾರೆ. "ಇಲ್ಲಿ ಕನ್ನಡ ಮಾತಾಡೋ ಮಕ್ಕಳೂ ಇದಾರೆ ಕಣೆ. ಪ್ರಶ್ನೆ ಫಾರಂ ಎರಡೂ ಭಾಷೇಲಿ ಟೈಪ್ ಮಾಡ್ಕೊಂಡು ನೀನೇ ತಗೊಂಡು ಬಾ. ಊರೂ ನೋಡಿದ ಹಾಗಾಯ್ತು" ಅಂದ್ಲು. ನಾನು ಎರಡು ಸಲ ಕರೆಸ್ಕೊಳ್ಳೋ ಪೈಕಿ ಅಲ್ಲ.

ಚೆಕ್‌ಪೋಸ್ಟಲ್ಲಿ ಒಬ್ರು ಬಸ್ಸೊಳಗೆ ಹತ್ತಿ ಎಲ್ಲರ ಬ್ಯಾಗೂ ನೋಡ್ತಾ ಬಂದ್ರು. ನನ್ನ ಬ್ಯಾಗಲ್ಲಿ ಬಟ್ಟೆಗಿಂತ ಕಾಗದ ಜಾಸ್ತಿ. ಮೇಲಿನ ಹಾಳೆ ಎತ್ತಿ ಹೆಡ್ಡಿಂಗ್ ಓದಿದ್ರು. ನನ್ನ ಮುಖ ನೋಡಿದ್ರು. ನಾನು ಅಡುಗೆ ಮಲಯಾಳದಲ್ಲಿ "ಸರ್ವೇ, ಸಾರ್, ಕಾಲೇಜು ಮಕ್ಕಳಿಗೆ" ಅಂದೆ. ಅವ್ರು ಹಾಳೆಯನ್ನ ವಾಪಸ್ ಇಟ್ರು, ಆದ್ರೆ ಅಕ್ಷರ ಕೆಳಗೆ ಬರೋ ಹಾಗೆ ತಿರುಗಿಸಿ ಇಟ್ರು.

ನಮ್ಮಂಗಡೀಲೂ ಇದೇ. ಹೆಂಗಸರು ಸ್ಕ್ಯಾನಿಂಗ್ ರಿಪೋರ್ಟ್ ಜೆರಾಕ್ಸ್‌ಗೆ ಕೊಡುವಾಗ ನಾಲ್ಕು ಮಡಿಕೆ ಮಡಚಿ ಕೊಡ್ತಾರೆ. ನಾನು ಬಿಡಿಸಿ ಗಾಜಿನ ಮೇಲೆ ಇಡೋವಾಗ ಅವರು ಬೀದಿ ಕಡೆ ನೋಡ್ತಾ ನಿಂತಿರ್ತಾರೆ. ನಮ್ಮ ಕಡೆ ಈ ವಿಷಯಕ್ಕೆ ಯಾರೂ ಹೆಸರೇ ಹೇಳಲ್ಲ. 'ಕ್ಲೀನ್ ಮಾಡಿಸಿದ್ರು' ಅಂತಾರೆ, ಮನೆ ಕಸ ಗುಡಿಸಿದ ಹಾಗೆ.

ವೆಳ್ಳಮುಂಡ

ಶಹನಾ ಮನೇಲಿ ಅವಳೂ ಅವಳ ಅಮ್ಮಾನೂ ಇಬ್ರೇ. ಅವಳು ಕರೆಯೋ ಹಾಗೆ ನಾನೂ ಉಮ್ಮ ಅಂತ ಕರೆದೆ. ಉಮ್ಮಂಗೆ ಅದೇ ಸಾಕಾಯ್ತು, ಆ ಗಳಿಗೆಯಿಂದ ನನ್ನ ತಟ್ಟೆ ಖಾಲಿ ಇರೋಕೆ ಬಿಡ್ಲಿಲ್ಲ. ಅನ್ನದ ಒಂದೊಂದು ಅಗುಳೂ ಕಡಲೆ ಬೀಜದಷ್ಟು ದಪ್ಪ. ಕುಡಿಯೋಕೆ ಕೆಂಪು ಬಣ್ಣದ ಬಿಸಿನೀರು. ನಾನು ಅದನ್ನ ತಿಳಿಸಾರು ಅನ್ಕೊಂಡು ಅನ್ನಕ್ಕೆ ಸುರ್ಕೊಂಡೆ. ಉಮ್ಮ ಬಾಯಿಗೆ ಸೆರಗು ಒತ್ಕೊಂಡು ನಕ್ಕಿದ್ದು, ಪಕ್ಕದ ಮನೆಯವ್ರು ಬಂದು ಏನಾಯ್ತು ಅಂತ ಕೇಳೋವರೆಗೂ ನಿಲ್ಲಲಿಲ್ಲ. ಅದು ಯಾವುದೋ ಮರದ ಚಕ್ಕೆ ಹಾಕಿ ಕಾಯಿಸಿದ ನೀರಂತೆ. ನಾನು ಪೂರ್ತಿ ತಿಂದೆ. ಸಪ್ಪೆ ಇತ್ತು, ಅಷ್ಟೇ.

ಶಹನಾ ಫಾರಂ ನೋಡಿ ಖುಷಿ ಆದ್ಲು. ಇಪ್ಪತ್ತು ವಾಕ್ಯ, ಪ್ರತಿಯೊಂದರ ಮುಂದೆ ಐದು ಚೌಕ. ಪೂರ್ತಿ ಒಪ್ತೀನಿ ಅನ್ನೋದ್ರಿಂದ ಒಪ್ಪೋದೇ ಇಲ್ಲ ಅನ್ನೋವರೆಗೆ. ನಾನು ಗೆರೆ ಎಲ್ಲಾ ಸಮ ಮಾಡಿದ್ದೆ, ಚೌಕ ಎಲ್ಲಾ ಒಂದೇ ಅಳತೆ. ಒಂದು ಹಾಳೆ ಕಳೆದ್ರೂ ಗೊತ್ತಾಗ್ಲಿ ಅಂತ ನಮ್ಮಂಗಡಿ ಅಭ್ಯಾಸದಂತೆ ಬಲಗಡೆ ಕೆಳಮೂಲೇಲಿ ಸಣ್ಣಗೆ ನಂಬರೂ ಹಾಕಿದ್ದೆ. ಒಂದರಿಂದ ಅರವತ್ತು. ಅದನ್ನ ಶಹನಾ ಗಮನಿಸ್ಲಿಲ್ಲ. ನಾನು ಹೇಳೋಕೂ ಹೋಗ್ಲಿಲ್ಲ, ಉಪ್ಪು ಹಾಕಿದೀನಿ ಅಂತ ಯಾರಾದ್ರೂ ಹೇಳ್ತಾರಾ?

ಕ್ಯಾಂಪಸ್

ಯೂನಿವರ್ಸಿಟಿಯ ಸಣ್ಣ ಕ್ಯಾಂಪಸ್ ಅದು, ಹೆಸರು ಬೇಡ. ಗುಡ್ಡದ ಮೇಲೆ ಎರಡು ಕಟ್ಟಡ, ಒಂದು ಕ್ಯಾಂಟೀನು, ಗೋಡೆ ತುಂಬಾ ಪಾರ್ಟಿ ಪೋಸ್ಟರ್. ಎಂ.ಎ. ಮಕ್ಕಳು ನಲವತ್ತೆರಡು ಜನ ಕೂತಿದ್ರು. ವಿಭಾಗದ ಮುಖ್ಯಸ್ಥರು, ಎಲ್ರೂ ಬರೀ 'ಸಾರ್' ಅಂತಾರೆ, ಬಾಗಿಲ ಹತ್ರ ನಿಂತ್ಕೊಂಡು ನನ್ನ ಫಾರಂ ತಿರುಗಿಸಿ ನೋಡಿ "ನಂಬರ್ ಹಾಕಿದೀರಲ್ಲ, ಭೇಷ್" ಅಂದ್ರು. ನಾನು ಉಬ್ಬಿ ಹೋದೆ. ಮುಂದಿನ ಸಾಲಿಂದ ಶುರು ಮಾಡಿ ಒಂದು, ಎರಡು, ಮೂರು ಅಂತ ಕ್ರಮವಾಗಿ ಹಂಚಿದೆ. ಶಹನಾ ಆಗ ಬೋರ್ಡ್ ಹತ್ರ ನಿಂತು ಹೇಳ್ತಿದ್ಲು: "ಹೆಸರು ಬರೀಬೇಡಿ. ಯಾರು ಏನ್ ಬರೆದ್ರು ಅಂತ ನಮಗೂ ಗೊತ್ತಾಗಲ್ಲ."

ಆಮೇಲೆ ಕ್ಯಾಂಟೀನಲ್ಲಿ ನಿಜವಾದ ಸರ್ವೇ ನಡೀತು. ಇಲ್ಲಿ ಹಾಲಿಲ್ಲದ ಟೀಗೆ ಕಟ್ಟನ್ ಅಂತಾರೆ. ಒಂದೊಂದು ಗ್ಲಾಸ್ ಹಿಡ್ಕೊಂಡು ಕೂತ್ರೆ ಎರಡು ಗಂಟೆ ವಾದ ಗ್ಯಾರಂಟಿ. ನನಗೆ ತಿಳೀದ್ದನ್ನ ಶಹನಾ ಪಕ್ಕದಲ್ಲೇ ಕೂತು ಕನ್ನಡದಲ್ಲಿ ಹೇಳ್ತಿದ್ಲು. ನಮ್ಮ ಕಡೆ ಕಾಲೇಜಲ್ಲಿ ಇಂಥ ಮಾತು ಹುಡುಗ್ರು ಹುಡುಗೀರು ಒಂದೇ ಟೇಬಲ್ಲಲ್ಲಿ ಕೂತು ಆಡೋದು ನಾನಂತೂ ನೋಡಿಲ್ಲ.

ಡೆಲ್ನ ಅಂತ ಒಬ್ಬಳು. ಕತ್ತಲ್ಲಿ ಸಣ್ಣ ಶಿಲುಬೆ, ದನಿ ಮಾತ್ರ ಮೈಕ್ ಬೇಡದಂಥದ್ದು. "ನಾನು ಎಲ್ಲಾದಕ್ಕೂ ಒಪ್ಪೋದೇ ಇಲ್ಲ ಅಂತಲೇ ಹಾಕ್ದೆ. ಜೀವ ಅಂದ್ರೆ ಜೀವ. ಇದ್ರಲ್ಲಿ ಐದು ಚೌಕ ಯಾಕೆ ಬೇಕು?"

ಎದುರಿಗೆ ಅಖಿಲ್, ಯೂನಿಯನ್ ಲೀಡರ್. "ನಾನು ಎಲ್ಲಾದಕ್ಕೂ ಪೂರ್ತಿ ಒಪ್ತೀನಿ. ಅವಳ ದೇಹ, ಅವಳ ತೀರ್ಮಾನ. ಮುಗೀತು."

"ನಿನ್ನ ತಂಗಿ ಬಂದು ಹೇಳಿದ್ರೆ?" ಅಂದ್ಲು ಡೆಲ್ನ.

"ತಂಗಿ... ಅದು ಬೇರೆ."

ಟೇಬಲ್ ಪೂರ್ತಿ ಹೋ ಅಂತು. "ತಂಗಿಗೆ ಬೇರೆ ದೇಹ ಕೊಟ್ಟಿದಾರೇನೋ!" ಅಂತ ಯಾರೋ ಕೂಗಿದ್ರು. ಅಖಿಲ್ ಕಿವಿ ಕೆಂಪಾಯ್ತು. "ಸರಿ, ಯೋಚನೆ ಮಾಡ್ಬೇಕು" ಅಂದ. ಅಷ್ಟು ಜನರ ಮುಂದೆ ಯೋಚನೆ ಮಾಡ್ಬೇಕು ಅಂತ ಒಪ್ಕೊಂಡಿದ್ದಕ್ಕೆ ನನಗೆ ಅವನು ಇಷ್ಟ ಆದ.

ಟೇಬಲ್ ಕೊನೇಲಿ ಬಿಂದು ಕೂತಿದ್ಲು, ತೃಶ್ಶಿಲೇರಿ ಕಡೆಯ ಕಾಡಂಚಿನವಳು. ಅವಳ ಮನೆಮಾತು ನಮ್ಮ ಕನ್ನಡಕ್ಕೆ ಹತ್ರ, ನಡುವೆ ಮಲಯಾಳ ಬೆರೆತಿರುತ್ತೆ. ಅಕ್ಕ ಅನ್ನೋಕೆ ಚೇಚಿ ಅಂತ ಕರೆದು ನನ್ನ ಹತ್ರ ಮೆಲ್ಲಗೆ ಹೇಳಿದ್ಲು: "ಚೇಚಿ, ನೀವು ಗರ್ಭಪಾತ ಅಂತ ಬರ್ದಿದೀರಿ. ನನ್ನ ಅಜ್ಜಿಗೆ ಅದು ಯಾವ್ದೋ ಮಂತ್ರ ಅನ್ನಿಸ್ತದೆ. 'ತೆಗೆಸೋದು' ಅಂತ ಬರೀಬೇಕಿತ್ತು." ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಅದನ್ನ ನೋಡಿ ಅವಳಿಗೆ ನಗು ಬಂತು. "ಞಾಯರಾಳ್ಚೆ ಊರಿಗೆ ಬನ್ನಿ" ಅಂದ್ಲು. ಞಾಯರಾಳ್ಚೆ ಅಂದ್ರೆ ಭಾನುವಾರ.

ಮತ್ತೆ ವೆಳ್ಳಮುಂಡ, ಉಮ್ಮನ ಅಡುಗೆಮನೆ

ಸಾಯಂಕಾಲ ಉಮ್ಮ ಮೀನು ಹೆಚ್ತಿದ್ರು, ನಾವಿಬ್ರೂ ನೆಲದ ಮೇಲೆ ಫಾರಂ ಹರಡ್ಕೊಂಡು ಕೂತಿದ್ವಿ. ನಾನು ಓದೋದು, ಶಹನಾ ಲ್ಯಾಪ್‌ಟಾಪಿಗೆ ಹಾಕೋದು. ಒಂದು ಫಾರಂ ಬಂತು. ಹದಿನಾಲ್ಕನೇ ವಾಕ್ಯ: 'ಇದಕ್ಕೆ ಗಂಡನ ಒಪ್ಪಿಗೆ ಇರಲೇಬೇಕು.' ಐದು ಚೌಕದಲ್ಲಿ ಯಾವುದಕ್ಕೂ ಗುರುತಿಲ್ಲ. ಪಕ್ಕದಲ್ಲಿ ಪೆನ್ಸಿಲಲ್ಲಿ ಸಣ್ಣ ಮಲಯಾಳ ಅಕ್ಷರ.

ನಾನು ಒಂದೊಂದೇ ಅಕ್ಷರ ಕೂಡಿಸಿ, ಒಂದನೇ ಕ್ಲಾಸ್ ಮಗು ಥರ ಜೋರಾಗಿ ಓದಿದೆ. ಓದಿ ಮುಗಿಸಿದಾಗ್ಲೂ ಅರ್ಥ ಆಗಿರ್ಲಿಲ್ಲ. ಉಮ್ಮ ಚಾಕು ನಿಲ್ಲಿಸಿದ್ದು ನೋಡಿ ಆಮೇಲೆ ಅರ್ಥ ಆಯ್ತು.

'ಗಂಡ ಇಲ್ಲದಿದ್ದರೆ ಯಾರು ಸಹಿ ಹಾಕಬೇಕು? ಅಪ್ಪ ಬೇಕೇ ಬೇಕಾ? ನನಗೆ ಏಳನೇ ವಾರ ಇರಬೇಕು.'

ನನ್ನ ಬಾಯಿಗೆ ಬಂದಿದ್ದು ಏನು ಗೊತ್ತಾ? "ಹದಿನೇಳು!" ಅಂದೆ. "ಇದು ಹದಿನೇಳನೇ ಫಾರಂ. ಮೂರನೇ ಸಾಲು. ಸ್ವಲ್ಪ ನೆನಪಿಸ್ಕೊಂಡ್ರೆ ಯಾರು ಅಂತ ಹೇಳ್ಬಿಡ್ತೀನಿ."

ಶಹನಾ ನನ್ನ ಕೈಯಿಂದ ಹಾಳೆ ಕಿತ್ಕೊಂಡ್ಲು. ಮೂಲೆ ನೋಡಿದ್ಲು. ಇನ್ನೊಂದು ಹಾಳೆ, ಮತ್ತೊಂದು.

"ಭವ್ಯಾ, ಇದೇನೇ ನಂಬರ್?"

"ಅಂಗಡೀಲಿ ಹಾಗೇ ಹಾಕ್ತೀವಿ..."

"ಗೊತ್ತಾಗಲ್ಲ ಅಂತ ಅಷ್ಟು ಜನಕ್ಕೆ ಮಾತು ಕೊಟ್ಟಿದೀನಿ ಕಣೆ ನಾನು!"

ನಾನು ವಾದ ಮಾಡ್ದೆ. ಒಳ್ಳೇದೇ ಆಯ್ತಲ್ಲ, ಮೆಲ್ಲಗೆ ಅವಳನ್ನ ಪಕ್ಕಕ್ಕೆ ಕರೆದು ಹೇಳ್ಬಹುದಲ್ಲ, ದಿನ ಹೋಗ್ತಾ ಇದೆಯಲ್ಲ ಅಂದೆ. ಶಹನಾ ಕೋಪ ಇಳಿಸ್ಕೊಂಡು ಹೇಳಿದ್ಲು: "ಅವಳು ಕಾಗದಕ್ಕೆ ಹೇಳಿದ್ದು. ನಮ್ಮ ಮುಖಕ್ಕೆ ಹೇಳಿಲ್ಲ. ನಾವು ಹೋಗಿ ಮುಂದೆ ನಿಂತ್ರೆ ಹೆದರ್ಕೊಂಡು ಇಲ್ಲ ಅಂತಾಳೆ. ಆಮೇಲೆ ಯಾವತ್ತೂ ಯಾರನ್ನೂ ಕೇಳಲ್ಲ."

ಉಮ್ಮ ಮೀನಿನ ರೆಕ್ಕೆ ಕತ್ತರಿಸೋ ಕತ್ತರಿ ತೊಳೆದು, ಸೀರೆಗೆ ಒರೆಸಿ ನನ್ನ ಮುಂದೆ ಇಟ್ರು. ನಲವತ್ತೆರಡು ಮೂಲೆ ನಾನೇ ಕತ್ತರಿಸಿದೆ. ಹಾಳೆ ಎಲ್ಲಾ ಕಲಸಿ ಜೋಡಿಸಿದ್ವಿ. ಮೂಲೆಗಳನ್ನ ಉಮ್ಮ ಒಲೆಗೆ ಹಾಕಿದ್ರು. ಮೂರನೇ ಸಾಲಲ್ಲಿ ಯಾರ್ಯಾರು ಕೂತಿದ್ರು ಅಂತ ನೆನಪು ಮಾಡ್ಕೋಬಾರ್ದು ಅಂತ ನಾನು ಮನಸ್ಸಲ್ಲಿ ಮಗ್ಗಿ ಹೇಳ್ಕೊಂಡೆ. ನಗಬೇಡಿ, ಕೆಲಸ ಮಾಡುತ್ತೆ.

ತೃಶ್ಶಿಲೇರಿ

ಆದ್ರೆ ಉತ್ತರ ಹೇಳೋದು ಹೇಗೆ? ಶಹನಾಗೆ ಇನ್ನೊಂದು ಭಯ. ಸಂಶೋಧನೆ ಮಾಡೋರು ಕೇಳ್ಬೇಕು ಅಷ್ಟೇ, ನಡುವೆ ಕೈ ಹಾಕಬಾರ್ದು ಅಂತ ಅವಳ ಗೈಡ್ ಹೇಳಿದ್ರಂತೆ. ಗೊಂದಲದಲ್ಲೇ ಭಾನುವಾರ ಬಿಂದು ಊರಿಗೆ ಹೋದ್ವಿ. ತೃಶ್ಶಿಲೇರಿ ದೇವಸ್ಥಾನ ನೋಡೋ ಆಸೆ ನನಗೆ, ನಾವು ಮುಟ್ಟೋ ಹೊತ್ತಿಗೆ ಬಾಗಿಲು ಹಾಕಿತ್ತು. ಗದ್ದೆ ಬದು ಮೇಲೆ ನಡೆಯೋವಾಗ ಒಂದು ಚಪ್ಪಲಿ ಕೆಸರು ನುಂಗ್ತು. ಬಿಂದು ಮೊಣಕೈವರೆಗೂ ಕೈ ಹಾಕಿ ತೆಗೆದುಕೊಟ್ಲು.

ನಮ್ಮ ಕಡೆ ಹಾಡಿ ಅನ್ನೋದಕ್ಕೆ ಅವಳು ಊರು ಅಂತಾಳೆ. ಇಪ್ಪತ್ತು ಮನೆ ಇರ್ಬಹುದು. ಜಗುಲೀಲಿ ಅವಳ ಅಜ್ಜಿ ಎಲೆ ಅಡಿಕೆ ಹಾಕ್ತಾ ಕೂತಿದ್ರು. ಶಹನಾ ಹೆಗಲ ಬ್ಯಾಗು, ನನ್ನ ಕೈಲಿದ್ದ ನೋಟ್‌ಬುಕ್ ನೋಡಿದ್ದೇ ತಡ, ನಾವು ಬಾಯಿ ಬಿಡೋಕೆ ಮುಂಚೆ ಅಜ್ಜಿ ಒಂದೇ ಉಸಿರಲ್ಲಿ ಶುರು ಮಾಡಿದ್ರು: "ಹೆತ್ತದ್ದು ಆರು, ಉಳಿದದ್ದು ನಾಲ್ಕು, ಕಕ್ಕಸು ಉಂಟು, ನೀರಿಲ್ಲ, ರೇಷನ್ ಕಾರ್ಡ್ ಉಂಟು, ಬೀಡಿ ಇಲ್ಲ, ಎಲೆ ಮಾತ್ರ."

ಬಿಂದು ನಗ್ತಾ "ಅಜ್ಜೀ, ಇವರು ಸರ್ವೇ ಅಲ್ಲ, ನೆಂಟ್ರು" ಅಂದ್ಲು. ಅಜ್ಜಿ ನಂಬ್ಲಿಲ್ಲ. ನಾನು ನೋಟ್‌ಬುಕ್ ಬ್ಯಾಗಿಗೆ ಹಾಕಿದ್ಮೇಲೇನೇ ಎಲೆ ತಟ್ಟೆ ನನ್ನ ಕಡೆ ತಳ್ಳಿದ್ರು.

ಕಾಫಿ ಕುಡೀತಾ ಶಹನಾ ಸುತ್ತಿ ಬಳಸಿ ಕೇಳಿದ್ಲು. "ಬಿಂದು, ಫಾರಂ ತುಂಬೋರೇ ನಮಗೆ ಒಂದು ಪ್ರಶ್ನೆ ಕೇಳಿದ್ರೆ, ಅದಕ್ಕೆ ಉತ್ತರ ಹೇಳೋದು ನನ್ನ ಕೆಲಸಾನಾ?"

ಬಿಂದು ಲೋಟ ಕೆಳಗಿಟ್ಲು. "ನಾನು ಹುಟ್ಟಿದಾಗಿಂದ ಈ ಊರಿಗೆ ಸರ್ವೇದವರು ಬರ್ತಾನೇ ಇದಾರೆ ಚೇಚಿ. ಕೇಳ್ತಾರೆ, ಬರ್ಕೊಳ್ತಾರೆ, ಜೀಪ್ ಹತ್ತಿ ಪೋಗ್ತಾರೆ. ಏನಾಯ್ತು ಅಂತ ಹೇಳೋಕೆ ಒಬ್ರಾದ್ರೂ ತಿರುಗಿ ಬಂದದ್ದು ನಾನು ಕಂಡಿಲ್ಲ. ನೀವು ಬಂದ್ರೆ ನೀವೇ ಮೊದಲು. ಅತ್ರೇ ಉಳ್ಳು." ಅಷ್ಟೇ ಅಂತ ಅರ್ಥ.

ವಾಪಸ್ ಬರೋ ದಾರೀಲಿ ಶಹನಾ ಒಂದೇ ಮಾತು ಆಡಿದ್ಲು: "ಗೈಡ್ ಹತ್ರ ಬೈಸ್ಕೋತೀನಿ, ಬಿಡು."

ಕ್ಯಾಂಪಸ್, ಎರಡನೇ ಸಲ

ಸೋಮವಾರ ಬೆಳಿಗ್ಗೆ ಸಾರ್ ಹತ್ರ ಒಂದು ಗಂಟೆ ಕ್ಲಾಸ್ ಕೇಳೋಕೆ ಹೋದ್ವಿ. ಶಹನಾ ಯಾಕೆ ಅಂತ ಹೇಳಲೇಬೇಕಾಯ್ತು. ಸಾರ್ ಕನ್ನಡಕ ತೆಗೆದು ಟೇಬಲ್ ಮೇಲಿಟ್ರು.

"ನಂಬರ್ ಇದೆಯಲ್ಲ? ಯಾರು ಅಂತ ಹೇಳಿ. ನಾನು ಮನೆಯವರಿಗೆ ಫೋನ್ ಮಾಡ್ತೀನಿ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಜವಾಬ್ದಾರಿ ನಂದು."

ಶಹನಾ ಫಾರಂ ಕಟ್ಟು ಮುಂದಿಟ್ಲು. ಒಂದಕ್ಕೂ ಬಲಗಡೆ ಮೂಲೆ ಇಲ್ಲ. ಮೀನಿನ ವಾಸನೆ ಮಾತ್ರ ಇತ್ತು.

"ಯಾರು ಕತ್ತರಿಸಿದ್ದು?"

"ನಾನೇ ಸಾರ್" ಅಂದೆ. "ಹಾಕಿದ್ದೂ ನಾನೇ."

"ನನಗೂ ಇಬ್ರು ಹೆಣ್ಣುಮಕ್ಕಳು. ನನ್ನ ಮಗಳಾಗಿದ್ರೆ ನನಗೆ ಗೊತ್ತಾಗ್ಬೇಕಿತ್ತು."

ಶಹನಾ ಮೆಲ್ಲಗೆ ಕೇಳಿದ್ಲು: "ಸಾರ್, ಅವಳು ನಿಮಗೆ ಹೇಳ್ತಿದ್ಲಾ?"

ಸಾರ್ ಮೂಲೆ ಇಲ್ಲದ ಹಾಳೆ ಮೇಲೆ ಒಂದೆರಡು ಸಲ ಬೆರಳು ಓಡಿಸಿದ್ರು. ಆಮೇಲೆ ಟೈಮ್‌ಟೇಬಲ್ ತೆಗೆದು ಹನ್ನೊಂದು ಗಂಟೆ ಮೇಲೆ ಗೆರೆ ಎಳೆದ್ರು. "ನನ್ನ ಕ್ಲಾಸೇ ತಗೊಳ್ಳಿ. ನಾನು ಒಳಗೆ ಬರಲ್ಲ."

ಕ್ಲಾಸಿಗೆ ಬಂದು ಮಾತಾಡೋಕೆ ಓಮನ ಸಿಸ್ಟರ್‌ನ ಶಹನಾ ಹಿಂದಿನ ರಾತ್ರಿಯೇ ಫೋನಲ್ಲಿ ಒಪ್ಪಿಸಿದ್ಲು. ಇಲ್ಲಿ ನರ್ಸಿಗೆ ಸಿಸ್ಟರ್ ಅಂತಾರೆ, ನಮ್ಮ ಕಡೆ ಥರಾನೇ. ಸರ್ಕಾರಿ ಆಸ್ಪತ್ರೇಲಿ ಕೆಲಸ ಮಾಡ್ತಾ ಮಾಡ್ತಾ ಕೂದಲು ಹಣ್ಣಾದವ್ರು, ಮಾತಲ್ಲಿ ಸುತ್ತು ಬಳಸು ಇಲ್ಲ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ವಿ, ನಂಬರ್ ಇಲ್ಲದ್ದು! "ಒಂದು ಪ್ರಶ್ನೆ ಬರೀರಿ. ಪ್ರಶ್ನೆ ಇಲ್ಲದವರು ನಿಮಗಿಷ್ಟದ ತಿಂಡಿ ಹೆಸರು ಬರೀರಿ. ಎಲ್ಲರ ಪೆನ್ನೂ ಓಡ್ಬೇಕು" ಅಂದ್ರು ಸಿಸ್ಟರ್. ನಾನೂ ಬರೆದೆ.

ಸಿಸ್ಟರ್ ಓದೋಕೆ ಶುರು ಮಾಡಿದ್ರು. "ಪೊರೋಟ. ಪೊರೋಟ. ಬಿರಿಯಾನಿ. ಮಕ್ಕಳೇ, ನಿಮಗೆ ಕಾಯಿಲೆ ಬರೋದು ಯಾಕೆ ಅಂತ ಈಗ ಗೊತ್ತಾಯ್ತು." ನಗು. ಆಮೇಲೆ, ಯಾರ ಸಹಿ ಬೇಕು ಅನ್ನೋ ಚೀಟಿ ಒಂದಲ್ಲ, ಐದು ಬಂತು. ಪೆನ್ಸಿಲಲ್ಲಿ ಕೇಳಿದವಳಿಗೆ ಒಬ್ಬಳಿಗೇ ಅಲ್ಲ, ಕ್ಲಾಸಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ, ನಿಜ ಹೇಳ್ತೀನಿ.

"ಹದಿನೆಂಟು ತುಂಬಿದ್ಯಾ? ಹಾಗಾದ್ರೆ ನಿನ್ನ ಸಹಿ ಒಂದೇ. ಗಂಡಂದು ಬೇಡ, ಅಪ್ಪಂದು ಬೇಡ, ಮದುವೆ ಆಗಿದ್ಯೋ ಇಲ್ವೋ ಅದೂ ಬೇಡ. ನಿನ್ನ ಹೆಸರು ಹೊರಗೆ ಹೇಳಿದ್ರೆ ತಪ್ಪು ನಮ್ದು. ಬೇಗ ಬಂದ್ರೆ ಮಾತ್ರೆಯಲ್ಲೇ ಆಗುತ್ತೆ, ಅದೂ ಡಾಕ್ಟರ್ ನೋಡಿದ್ಮೇಲೆ. ಅಂಗಡಿಯಿಂದ ತಂದು ಒಬ್ಬಳೇ ನುಂಗಬೇಡಿ. ಬಂದು ಕೂತ್ಮೇಲೆ ಬೇಡ ಅನ್ನಿಸಿದ್ರೆ ಎದ್ದು ಹೋಗಿ, ಯಾರೂ ಬೈಯಲ್ಲ. ಗುರುವಾರ ಬೆಳಿಗ್ಗೆ ನಾನು ಓಪೀಲಿ ಇರ್ತೀನಿ." ಹೊರರೋಗಿಗಳನ್ನ ನೋಡೋ ಕಡೆಗೆ ಇಲ್ಲಿ ಓಪಿ ಅಂತಾರೆ.

ಡೆಲ್ನ ಎದ್ದು ನಿಂತ್ಲು. "ಸಿಸ್ಟರ್, ಅದೂ ಒಂದು ಜೀವ ಅಲ್ವಾ?"

"ನೀನು ಹಾಗೆ ನಂಬಿದ್ರೆ ನೀನು ಹಾಗೇ ಬದುಕು ಮೋಳೆ. ಅದಕ್ಕೂ ನಿನ್ನ ಸಹಿ ಒಂದೇ ಸಾಕು." ಮೋಳೆ ಅಂದ್ರೆ ಮಗಳೇ.

ಡೆಲ್ನ ಕೂತ್ಲು, ಸಮಾಧಾನ ಆದವಳ ಥರ ಕಾಣ್ಲಿಲ್ಲ. ಕೊನೇ ಚೀಟಿ ಬಂತು. ಸಿಸ್ಟರ್ ಓದಿದ್ರು. 'ಆಟೋ ಸ್ಟ್ಯಾಂಡ್ ದಾಟಿ ಹೋಗೋದು ಹೇಗೆ?'

ಮೊದಲು ನಗು ಬಂತು, ಆಮೇಲೆ ನಿಂತುಹೋಯ್ತು. ಆಸ್ಪತ್ರೆ ಗೇಟಿನ ಎದುರಿಗೇ ಆಟೋ ಸ್ಟ್ಯಾಂಡ್. ಯಾರ ಮಗಳು, ಯಾವ ಮನೆ, ಏನ್ ಕಾಯಿಲೆ, ಅವರಿಗೆ ಗೊತ್ತಿಲ್ಲದ್ದು ಇಲ್ಲ. ಹುಡುಗಿ ಮನೆ ಮುಟ್ಟೋಕೆ ಮುಂಚೆ ಸುದ್ದಿ ಮುಟ್ಟಿರುತ್ತೆ. ಸಿಸ್ಟರ್ ಹತ್ರ ಇದ್ದ ಕಾನೂನೆಲ್ಲಾ ಆಸ್ಪತ್ರೆ ಗೇಟಿನ ಒಳಗಷ್ಟೇ.

ಬಿಂದು ಕೂತಲ್ಲಿಂದಲೇ ಹೇಳಿದ್ಲು: "ನಮ್ಮ ಊರಲ್ಲಿ ಒಬ್ಬಳಿಗೆ ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ ಐದಾರು ಜನ ಹೊರಡ್ತೀವಿ. ಎಲ್ರೂ ಚೀಟಿ ಮಾಡಿಸ್ತೀವಿ, ಎಲ್ರೂ ತೋರಿಸ್ತೀವಿ. ಯಾರಿಗೆ ಏನು ಅಂತ ನೋಡೋರಿಗೆ ಗೊತ್ತಾಗಲ್ಲ. ಯಾರು ಅಂತ ನಾವೂ ಕೇಳಲ್ಲ."

ಅಷ್ಟರಲ್ಲಿ ಗಂಟೆ ಹೊಡೀತು, ಎಲ್ರೂ ಎದ್ದು ಹೋದ್ರು. ನಾನು ಅನ್ಕೊಂಡೆ, ಮುಗೀತು.

ಆಸ್ಪತ್ರೆ

ಗುರುವಾರ ಒಂಬತ್ತಕ್ಕೆ ನಾನೂ ಶಹನಾನೂ ಗೇಟ್ ಹತ್ರ ನಿಂತಿದ್ವಿ. ಜಿನುಗು ಮಳೆ. ಬಸ್ಸಿಂದ ಬಿಂದು ಇಳಿದ್ಲು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಇನ್ನೂ ಮೂವರು ಛತ್ರಿ ಬಿಚ್ಚೋಕೆ ಒದ್ದಾಡ್ತಾ. ಮುಂದಿನ ಬಸ್ಸಲ್ಲಿ ಮತ್ತೆ ಆರು ಜನ. ಕೊನೆಗೆ ಒಬ್ಬಳೇ ಡೆಲ್ನ ಬಂದ್ಲು. ನಾನು ಬಾಯಿ ಬಿಟ್ಕೊಂಡು ನೋಡ್ತಿದ್ದೆ.

"ಏನ್ ಚೇಚಿ ಹಾಗೆ ನೋಡ್ತೀರಿ?" ಅಂದ್ಲು. "ನನ್ನ ಅಭಿಪ್ರಾಯ ಏನೂ ಬದಲಾಗಿಲ್ಲ. ಸಾಲಲ್ಲಿ ನಿಲ್ಲೋಕೆ ಅಭಿಪ್ರಾಯ ಯಾಕೆ ಬೇಕು?"

ಅಖಿಲೂ ಬಂದಿದ್ದ. "ನಿನಗೇನೋ ಹೆಂಗಸರ ಓಪೀಲಿ ಕೆಲಸ?" ಅಂತ ಹುಡುಗೀರು ಓಡಿಸಿದ್ರು. ಅವನು ಸೀದಾ ಆಟೋ ಸ್ಟ್ಯಾಂಡಿಗೆ ಹೋಗಿ, ಹಿಂದಿನ ದಿನದ ಫುಟ್‌ಬಾಲ್ ಮ್ಯಾಚಲ್ಲಿ ರೆಫರಿ ಮಾಡಿದ್ದೇ ಸರಿ ಅಂತ ಜೋರಾಗಿ ಹೇಳಿದ. ಅಷ್ಟೇ ಸಾಕಾಯ್ತು. ಡ್ರೈವರ್‌ಗಳೆಲ್ಲಾ ಅವನ ಸುತ್ತ ಸೇರ್ಕೊಂಡು ಬೈಯೋಕೆ ಶುರು ಮಾಡಿದ್ರು. ವಯಸ್ಸಾದ ಒಬ್ರು ಮಾತ್ರ ನಮ್ಮ ಕಡೆ ತಿರುಗಿ "ಏನ್ ಮಕ್ಕಳೇ, ಕಾಲೇಜಿಂದ ಟೂರಾ?" ಅಂದ್ರು. "ರಕ್ತ ಪರೀಕ್ಷೆ ಚೇಟ್ಟಾ, ಕಾಲೇಜಲ್ಲಿ ಹೇಳಿದಾರೆ" ಅಂದ್ಲು ಡೆಲ್ನ. ಚೇಟ್ಟಾ ಅಂದ್ರೆ ಅಣ್ಣ. ಅಷ್ಟು ಸಲೀಸಾಗಿ ಸುಳ್ಳು ಹೇಳಿ ಆಮೇಲೆ ಕತ್ತಿನ ಶಿಲುಬೆ ಮುಟ್ಕೊಂಡ್ಲು.

ಕೌಂಟರಲ್ಲಿ ಏನ್ ತೊಂದರೆ ಅಂತ ಕೇಳ್ತಾರೆ. ತಲೆನೋವು, ಸುಸ್ತು, ಸೊಂಟ ನೋವು, ಮತ್ತೆ ಸುಸ್ತು. ನನ್ನ ಸರದಿ ಬಂದಾಗ ಮಲಯಾಳದಲ್ಲಿ ಕಾಯಿಲೆ ಹೆಸರು ಒಂದೂ ನೆನಪಾಗ್ಲಿಲ್ಲ, "ಖಾರ ಜಾಸ್ತಿ" ಅಂದೆ. ಅವರು ಗ್ಯಾಸ್ಟ್ರಿಕ್ ಅಂತ ಬರ್ಕೊಂಡ್ರು. ಶಹನಾ, ನಾನು ಸೇರಿ ಹದಿನಾಲ್ಕು ಜನ. ಹಿಂದೆ ಒಬ್ರು ಅಜ್ಜಿ ಗೊಣಗ್ತಿದ್ರು, ಪಾಪ. ಅವರನ್ನ ಮುಂದೆ ಬಿಟ್ವಿ.

ಸಿಸ್ಟರ್ ಡಾಕ್ಟರಮ್ಮಂಗೆ ಮೊದಲೇ ಹೇಳಿದ್ರು ಅಂತ ಕಾಣುತ್ತೆ. ಒಬ್ಬೊಬ್ಬರನ್ನೇ ಕರೆದ್ರು. ಪ್ರತಿಯೊಬ್ಬರೂ ಒಳಗೆ ಅಷ್ಟಷ್ಟೇ ಹೊತ್ತು ಇದ್ರು. ತೂಕ, ಬಿಪಿ, ಬೆರಳಿಂದ ಒಂದು ಹನಿ ರಕ್ತ. ಏನೂ ಇಲ್ಲದವರನ್ನೂ ಕೂರಿಸಿ ಮಾತಾಡಿಸಿದ್ರು. ನನ್ನನ್ನ ಊಟ ತಿಂಡಿ ಎಲ್ಲಾ ಕೇಳಿ, ರಕ್ತ ಕಮ್ಮಿ ಇದೆ ಅಂತ ಚೆನ್ನಾಗಿ ಬೈದ್ರು. ಹೊರಗೆ ಬರೋವಾಗ ಎಲ್ಲರ ಕೈಲೂ ಒಂದೇ ಥರದ ಕಂದು ಕವರ್. ನಂದರಲ್ಲಿ ಕಬ್ಬಿಣದ ಮಾತ್ರೆ. ಬೇರೆಯವರದ್ರಲ್ಲಿ ಏನಿತ್ತೋ ಗೊತ್ತಿಲ್ಲ.

ಕೊನೆಯವಳೂ ಹೊರಗೆ ಬಂದ್ಮೇಲೆ ಶಹನಾಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಸಿಸ್ಟರ್‌ನ ಪಕ್ಕಕ್ಕೆ ಕರೆದ್ಲು. "ಸಿಸ್ಟರ್, ಅವಳು ಬಂದಿದ್ಲಾ?"

"ಯಾವಳು?" ಅಂದ್ರು ಓಮನ ಸಿಸ್ಟರ್. "ಹದಿನಾಲ್ಕು ಜನ ಬಂದ್ರು. ಹದಿನಾಲ್ಕು ಜನಕ್ಕೂ ಬೇಕಾದ್ದು ಆಯ್ತು. ಒಬ್ಬಳೂ ಬರಿಗೈಲಿ ಹೋಗ್ಲಿಲ್ಲ." ಹೇಳಿ ಶಹನಾ ಕೆನ್ನೆ ತಟ್ಟಿ ಒಳಗೆ ಹೋದ್ರು. ಶಹನಾ ಗೋಡೆ ಕಡೆ ತಿರುಗಿ ಶಾಲಲ್ಲಿ ಮುಖ ಒರೆಸ್ಕೊಂಡ್ಲು. ಹೊರಗೆ ಅಖಿಲ್ ಇನ್ನೂ ರೆಫರಿ ಪರವಾಗಿ ಒಬ್ಬನೇ ಹೋರಾಡ್ತಿದ್ದ.

ಎಲ್ರೂ ಪಕ್ಕದ ಚಾಯ ಅಂಗಡಿಗೆ ನುಗ್ಗಿದ್ವಿ. ಬಿಸಿ ಬಿಸಿ ಬಾಳೆಹಣ್ಣಿನ ಬಜ್ಜಿ ಬಂತು. ಗಲಾಟೆ. ಡಾಕ್ಟರಮ್ಮ ಯಾರ್ಯಾರಿಗೆ ಹೇಗೆ ಬೈದ್ರು ಅಂತ ಅನುಕರಣೆ. ನಾನೂ ನಗ್ತಿದ್ದೆ. ನಗ್ತಾ ನಗ್ತಾ ನನ್ನ ಕಣ್ಣು ತನ್ನ ಪಾಡಿಗೆ ಕೆಲಸ ಶುರು ಮಾಡಿತ್ತು. ಒಬ್ಬಳು ಬಜ್ಜಿ ಮುಟ್ಟಿಲ್ಲ. ಒಬ್ಬಳು ಕವರ್‌ನ ಬ್ಯಾಗಿನ ತಳಕ್ಕೆ ತಳ್ಳಿದ್ಲು. ಒಬ್ಬಳು ಇದ್ದಕ್ಕಿದ್ದಂಗೆ ಸುಮ್ಮನಾದ್ಲು. ಇನ್ನು ಸ್ವಲ್ಪ ಹೊತ್ತು ನೋಡಿದ್ರೆ ಹದಿನೇಳನೇ ಫಾರಂ ಯಾರದ್ದು ಅಂತ ಗೊತ್ತಾಗ್ಬಿಡ್ತಿತ್ತು.

ನಾನು ಎದ್ದು ಕುರ್ಚಿ ತಿರುಗಿಸಿ, ಅವರಿಗೆಲ್ಲಾ ಬೆನ್ನು ಹಾಕಿ ರಸ್ತೆ ಕಡೆ ಮುಖ ಮಾಡಿ ಕೂತೆ.

"ಚೇಚೀ, ಏನಾಯ್ತು? ನಮ್ಮ ಮುಖ ನೋಡಿ ಬೇಜಾರಾಯ್ತಾ?" ಅಂತ ಡೆಲ್ನ ಹಿಂದಿಂದ ಕೂಗಿದ್ಲು.

"ಊರು ನೋಡೋಕೆ ಬಂದವಳಮ್ಮ ನಾನು" ಅಂದೆ. "ಊರು ನೋಡ್ತಿದೀನಿ."

ಎದುರಿಗೆ ಇದ್ದಿದ್ದು ಒಂದು ಟಯರ್ ಅಂಗಡಿ, ಒದ್ದೆ ಆದ ಒಂದು ನಾಯಿ. ಹಿಂದೆ ಹದಿಮೂರು ಜನಾನೂ ಒಟ್ಟಿಗೆ ನಕ್ಕಿದ್ದು ಕೇಳಿಸ್ತು.